ವಸಂತಣ್ಣ ಕೇಳಿದ್ದ ಪೇಪರ್

ಕಳೆದ ಬುಧವಾರ ಹದಿನೆಂಟು ವರ್ಷದ ಹುಡುಗಿಯೊಬ್ಬಳು ನನ್ನ ಕೆಲಸವನ್ನು ನನಗೇ ಕಲಿಸಿಕೊಟ್ಟಳು. ಅದೂ ತುಂಬಿದ ಕ್ಲಾಸಿನ ಎದುರು.

ನಾನು ದುಬೈಯ ಒಂದು ಕಾಲೇಜಿನ ಲೈಬ್ರರಿಯಲ್ಲಿದ್ದೇನೆ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತು. (ಪುಸ್ತಕ ಓದುತ್ತಾ ಆರಾಮವಾಗಿ ಕೂರುವ ಕೆಲಸ ಅಂದುಕೊಂಡವರಿಗೆ ಒಂದು ಮಾತು: ನನ್ನ ಅರ್ಧ ದಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದರಲ್ಲೇ ಕಳೆಯುತ್ತದೆ.) ಪ್ರತಿ ಸೆಮಿಸ್ಟರಿನ ಶುರುವಿನಲ್ಲಿ ಹೊಸ ವಿದ್ಯಾರ್ಥಿಗಳಿಗೆ ನನ್ನದೊಂದು ಪಾಠ ಇರುತ್ತದೆ. ಜರ್ನಲ್‌ಗಳಲ್ಲಿ ಬಂದ ಸಂಶೋಧನಾ ಲೇಖನಗಳನ್ನು ಲೈಬ್ರರಿಯ ಮೂಲಕ ಪೂರ್ತಿ ಓದುವುದು ಹೇಗೆ ಎಂದು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವುದು ಹತ್ತು ಸಾಲಿನ ಸಾರಾಂಶ. ಅದರಾಚೆಗೆ ಬೀಗ. ಆ ಬೀಗದ ಕೀಲಿ ಕಾಲೇಜಿನ ಹತ್ತಿರ ಇರುತ್ತದೆ, ಏಕೆಂದರೆ ನಾವು ಚಂದಾ ಕಟ್ಟಿ ಹಲವು ಡೇಟಾಬೇಸ್‌ಗಳನ್ನು, ಅಂದರೆ ಲೇಖನಗಳ ಆನ್‌ಲೈನ್ ಭಂಡಾರಗಳನ್ನು, ತರಿಸುತ್ತೇವೆ.

"ಮೊದಲು ಇಲ್ಲಿ ಟಿಕ್ ಹಾಕಿ," ಎಂದೆ. ಪರದೆಯ ಎಡಗಡೆ 'ಫುಲ್ ಟೆಕ್ಸ್ಟ್ ಮಾತ್ರ' ಎಂಬ ಪುಟ್ಟ ಚೌಕ. ಅಲ್ಲಿ ಟಿಕ್ ಹಾಕಿದರೆ ಪೂರ್ತಿ ಓದಲು ಸಿಗುವ ಲೇಖನಗಳಷ್ಟೇ ಕಾಣಿಸುತ್ತವೆ. ವರ್ಷಗಳಿಂದ ಹೀಗೇ ಹೇಳಿಕೊಡುತ್ತಾ ಬಂದಿದ್ದೇನೆ.

ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. "ಮಿಸ್, ಡೋಂಟ್ ಟಿಕ್ ಇಟ್. ಯು ವಿಲ್ ಲೂಸ್ ಹಾಫ್!" ಅಬುಧಾಬಿಯಲ್ಲಿ ಮಾಸ್ಟರ್ಸ್ ಮಾಡುತ್ತಿರುವ ಅವಳ ಅಕ್ಕ ಹಾಗೆ ಹೇಳಿದ್ದಾಳಂತೆ.

ನಾನು ನಕ್ಕೆ. ಅನುಭವಸ್ಥರು ಹೊಸಬರನ್ನು ನೋಡಿ ನಗುವ ನಗು ಇರುತ್ತದಲ್ಲ, ಅದು. "ಸರಿ, ಬಂದು ತೋರಿಸು," ಎಂದೆ.

ಬಂದಳು, ಟಿಕ್ ತೆಗೆದಳು. ಪಟ್ಟಿ ಉದ್ದವಾಯಿತು. ಹೊಸದಾಗಿ ಬಂದ ಒಂದೊಂದು ಹೆಸರಿನ ಕೆಳಗೂ ಒಂದು ಬೂದು ಬಣ್ಣದ ಬಟನ್: 'ಫೈಂಡ್ ಫುಲ್ ಟೆಕ್ಸ್ಟ್'. ಅದನ್ನು ಒತ್ತಿದಳು. ಲೇಖನ ತೆರೆದುಕೊಂಡಿತು, ನಮ್ಮದೇ ಕಾಲೇಜು ತರಿಸುವ ಇನ್ನೊಂದು ಡೇಟಾಬೇಸ್‌ನಲ್ಲಿ!

ಅಂದರೆ ಏನಾಯಿತು? ನಾನು ಹಾಕಿಸುತ್ತಿದ್ದ ಟಿಕ್, ಎದುರಿಗಿದ್ದ ಒಂದು ಡೇಟಾಬೇಸನ್ನು ಮಾತ್ರ ನೋಡಿ ಉಳಿದದ್ದನ್ನೆಲ್ಲ ಮುಚ್ಚಿಡುತ್ತಿತ್ತು. ಸೂಪರ್‌ಮಾರ್ಕೆಟ್ಟಿನ ಕೆಳಗಿನ ಮಹಡಿಯಲ್ಲಷ್ಟೇ ನೋಡಿ, ಕುಚ್ಚಲಕ್ಕಿ ಇಲ್ಲ ಎಂದು ಗಿರಾಕಿಯನ್ನು ವಾಪಸ್ ಕಳಿಸಿದ ಹಾಗೆ. ಎರಡು ವರ್ಷದ ಹಿಂದೆ ಈ ಬಟನ್ ಬಂದಾಗ ನಮಗೆಲ್ಲ ಒಂದು ಮೇಲ್ ಬಂದಿತ್ತು. ನಾನು ಅದಕ್ಕೆ 'ನೋಟೆಡ್, ಥ್ಯಾಂಕ್ಸ್' ಎಂದು ಉತ್ತರವನ್ನೂ ಬರೆದಿದ್ದೆ. (ಆಫೀಸಿನಲ್ಲಿ 'ನೋಟೆಡ್' ಎಂದರೆ ಓದಿಲ್ಲ ಎಂದರ್ಥ. ನೀವೂ ಬರೆದಿರುತ್ತೀರಿ.)

ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟುತ್ತಿದ್ದ ಹಾಗೇ ವಸಂತಣ್ಣ ನೆನಪಾಗಿ ಕೈ ನಿಂತುಹೋಯಿತು.

ವಸಂತಣ್ಣ ಮಲ್ಪೆ ಕಡೆಯವರು. ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ ವಾಸ. ಎಸಿ ಡಕ್ಟ್ ಕ್ಲೀನ್ ಮಾಡುವ ಕಂಪನಿಯಲ್ಲಿ ಕೆಲಸ. ಕರಾಮದ ಒಂದು ಹೋಟೆಲಿನಲ್ಲಿ ಶುಕ್ರವಾರದ ಊಟಕ್ಕೆ ನನ್ನ ಗಂಡನ ಪಕ್ಕದ ಟೇಬಲ್ಲಿನವರು, ಇಬ್ಬರೂ ತುಳುವಿನಲ್ಲಿ ಗಂಟೆಗಟ್ಟಲೆ ಮೀನಿನ ಬಗ್ಗೆ ಮಾತಾಡುತ್ತಾರೆ. ಐವತ್ತರ ಹತ್ತಿರದ ಮನುಷ್ಯ ದಿನವಿಡೀ ತಗಡಿನ ಕೊಳವೆಯೊಳಗೆ ಮೊಣಕಾಲೂರಿ ತೆವಳಬೇಕು. ಮೊಣಕಾಲು ಎರಡೂ ಹೋಗಿವೆ.

ಕಳೆದ ವರ್ಷ ಅವರಿಗೆ ಒಂದು ದಾರಿ ಕಂಡಿತ್ತು. ಅಬುಧಾಬಿ ಕಡೆಯ ಹೊಸ ಮೀನು ಫಾರ್ಮಿಗೆ ಒಬ್ಬ ಸೂಪರ್‌ವೈಸರ್ ಬೇಕಿತ್ತು. ವಸಂತಣ್ಣ ಇಲ್ಲಿಗೆ ಬರುವ ಮುಂಚೆ ಊರಿನ ಅಳಿವೆಯಲ್ಲಿ, ಬಲೆಯ ಪಂಜರದೊಳಗೆ ಮೀನು ಸಾಕುವ ಸಂಶೋಧನೆಯೊಂದರಲ್ಲಿ ಮೂರು ವರ್ಷ ದುಡಿದವರು. ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಖುಷಿಯಾದ. ಆಮೇಲೆ ಕೇಳಿದ, "ಪ್ರೂಫ್ ಎಲ್ಲಿ?"

ಪ್ರೂಫ್ ಎಲ್ಲಿಂದ ಬರಬೇಕು? ಪ್ರಾಜೆಕ್ಟ್ ಮುಗಿದಿತ್ತು. ಅದರ ಮುಖ್ಯಸ್ಥರು ನಿವೃತ್ತರಾಗಿದ್ದರು, ಅವರ ಫೋನ್ ಯಾರೂ ಎತ್ತುತ್ತಿರಲಿಲ್ಲ. ವಸಂತಣ್ಣನಿಗೆ ಉಳಿದದ್ದು ಒಂದೇ ನೆನಪು. ಆ ಮುಖ್ಯಸ್ಥರು ಒಮ್ಮೆ, "ನಮ್ಮ ಪೇಪರಿನ ಕೊನೆಗೆ ನಿನ್ನ ಹೆಸರು ಹಾಕಿದ್ದೇನೆ ವಸಂತ," ಎಂದಿದ್ದರು. ಆ ಪೇಪರನ್ನು, ಅಂದರೆ ಸಂಶೋಧನಾ ಲೇಖನವನ್ನು, ವಸಂತಣ್ಣ ಕಣ್ಣಾರೆ ಕಂಡವರೇ ಅಲ್ಲ. ಭಾನುವಾರದೊಳಗೆ ತಂದರೆ ಕೆಲಸ ನಿನ್ನದು ಎಂದನಂತೆ ಮ್ಯಾನೇಜರ್.

ಗುರುವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಎರಡು ಬಸ್ಸು ಬದಲಾಯಿಸಿ ನನ್ನ ಲೈಬ್ರರಿಗೆ ಬಂದರು. ಕಂಪನಿಯ ನೀಲಿ ಯೂನಿಫಾರ್ಮಿನಲ್ಲೇ.

"ಮೇಡಮ್, ಒಂದು ಉಪಕಾರ ಆಗ್ಬೇಕಿತ್ತು. ಆ ಪೇಪರ್ ಇಲ್ಲಿ ಸಿಗ್ತದಾ?"

ಹುಡುಕಿದೆ. ಮುಖ್ಯಸ್ಥರ ಹೆಸರು, ಅಳಿವೆಯ ಹೆಸರು ಹಾಕಿದ ಕೂಡಲೇ ಇಂಟರ್ನೆಟ್ಟಿನಲ್ಲಿ ಸಾರಾಂಶ ಬಂತು. "ಇದೇ ಮೇಡಮ್, ಇದೇ!" ಎಂದು ಕೌಂಟರಿನ ಮೇಲೆ ಬಾಗಿದರು. ಆದರೆ ಅಲ್ಲಿದ್ದದ್ದು ಬರೆದ ಮೂವರು ವಿಜ್ಞಾನಿಗಳ ಹೆಸರು ಮಾತ್ರ. ಸಹಾಯ ಮಾಡಿದವರಿಗೆ ಹೇಳುವ ಕೃತಜ್ಞತೆ ಲೇಖನದ ಕಟ್ಟಕಡೆಗೆ ಇರುತ್ತದೆ, ಬೀಗದ ಆಚೆ. ನಮ್ಮ ಡೇಟಾಬೇಸ್ ತೆರೆದೆ. ಅಭ್ಯಾಸದಂತೆ ಟಿಕ್ ಹಾಕಿದೆ. ಫಲಿತಾಂಶ ಸೊನ್ನೆ.

"ಇಲ್ಲ ವಸಂತಣ್ಣ. ನಮ್ಮಲ್ಲಿ ಇಲ್ಲ."

"ಬೇರೆ ಎಲ್ಲಿಯಾದ್ರೂ ನೋಡ್ಲಿಕ್ಕೆ ಆಗ್ತದಾ?"

"ಎಲ್ಲ ಕಡೆ ನೋಡಿದೆ."

ಎಲ್ಲ ಕಡೆ! ನಾನು ನೋಡಿದ್ದು ಎರಡು ಕಡೆ. ಕೊಟ್ಟ ಸಮಯ ಏಳೆಂಟು ನಿಮಿಷ. ನಾಲ್ಕು ಗಂಟೆಗೆ ಸ್ಟಾಫ್ ಬಸ್ ಹೊರಡುತ್ತದೆ, ಕಣ್ಣೆಲ್ಲ ಗೋಡೆಯ ಗಡಿಯಾರದ ಮೇಲೆ. ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ, ಹೇಳಲು ನಾಚಿಕೆಯಾದರೂ. ನಮ್ಮ ಬಾಸ್‌ನ ಬಾಗಿಲು ತೆರೆದಿತ್ತು. ನನ್ನ ಕೌಂಟರಿನ ಮುಂದೆ ಆ ನೀಲಿ ಯೂನಿಫಾರ್ಮ್ ಹೆಚ್ಚು ಹೊತ್ತು ನಿಲ್ಲುವುದು ನನಗೆ ಬೇಕಿರಲಿಲ್ಲ. ಪ್ರೊಫೆಸರ್ ಯಾರಾದರೂ ಕೇಳಿದ್ದರೆ ಬೇರೆ ಲೈಬ್ರರಿಗಳಿಂದ ತರಿಸುವ ಫಾರ್ಮ್ ತುಂಬುತ್ತಿದ್ದೆ. ಫಾರ್ಮ್ ಡ್ರಾಯರಿನಲ್ಲೇ ಇತ್ತು. ಡ್ರಾಯರ್ ಎಳೆಯಲಿಲ್ಲ.

"ಪರ್ವಾಗಿಲ್ಲ ಮೇಡಮ್. ನಿಮ್ಗೆ ಸುಮ್ನೆ ತೊಂದ್ರೆ ಕೊಟ್ಟೆ," ಎಂದು ಹೊರಟರು. ನನಗೆ ಬಸ್ ಸಿಕ್ಕಿತು.

ಕೆಲಸ ಬೇರೆಯವರ ಪಾಲಾಯಿತು. "ಪ್ರೂಫ್ ಇಲ್ಲಾಂತ ಖಲಾಸ್ ಮಾಡಿದ್ರಂತೆ ಮಾರಾಯ್ತಿ," ಎಂದು ಗಂಡ ಹೇಳಿದಾಗ ನಾನು "ಅಯ್ಯೋ ಪಾಪ" ಎಂದು ಸಾರು ಬಡಿಸಿದೆ. ಅಷ್ಟಕ್ಕೇ ಮರೆತೂಬಿಟ್ಟೆ.

ಮೊನ್ನೆ ಬುಧವಾರ ಪಾಠ ಮುಗಿದ ಮೇಲೆ ನನ್ನ ಸೀಟಿಗೆ ಬಂದು, ಟಿಕ್ ಹಾಕದೆ, ಅದೇ ಅಳಿವೆಯ ಹೆಸರು ಹಾಕಿದೆ. ಒಂದೇ ಒಂದು ಫಲಿತಾಂಶ. ಅದರ ಕೆಳಗೆ ಬೂದು ಬಟನ್. ಒತ್ತಲು ಧೈರ್ಯವಾಗದೆ ಎದ್ದು ಹೋಗಿ ನೀರು ಕುಡಿದು ಬಂದೆ. ಆಮೇಲೆ ಒತ್ತಿದೆ.

ತೆರೆದುಕೊಂಡಿತು. ಕೊನೆಯ ಪುಟ, ಸಣ್ಣ ಅಕ್ಷರ. ಪಂಜರಗಳನ್ನು ಮೂರು ವರ್ಷ ನೋಡಿಕೊಂಡದ್ದಕ್ಕೆ, ಮೀನುಗಳ ಕಾಯಿಲೆಯನ್ನು ಎಲ್ಲರಿಗಿಂತ ಮೊದಲು ಗುರುತಿಸಿದ್ದಕ್ಕೆ ವಸಂತ ಸಾಲ್ಯಾನ್ ಅವರಿಗೆ ಋಣಿ ಎಂದು ಬರೆದಿದ್ದರು. ಪೂರ್ತಿ ಹೆಸರು, ಒಂದಕ್ಷರ ತಪ್ಪಿಲ್ಲದೆ. ಈ ಡೇಟಾಬೇಸ್ ನಮ್ಮಲ್ಲಿಗೆ ಯಾವಾಗ ಬಂತು ಎಂದು ಕಡತ ತೆಗೆದು ನೋಡಿದೆ. ವಸಂತಣ್ಣ ಬರುವುದಕ್ಕಿಂತ ಬಹಳ ಮುಂಚೆಯೇ ಬಂದಿತ್ತು.

ಶುಕ್ರವಾರ ಪ್ರಿಂಟ್ ತೆಗೆದುಕೊಂಡು ಗಂಡನ ಜತೆ ಮುಹೈಸ್ನಾಕ್ಕೆ ಹೋದೆ. ಕಾರಿನಲ್ಲಿ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ. 'ವಸಂತಣ್ಣ, ನನ್ನಿಂದ ತಪ್ಪಾಯಿತು.' ಮೂರೇ ಮೂರು ಪದ. ಕಷ್ಟವೇನು?

ಕ್ಯಾಂಪಿನ ಗೇಟಿನ ಹೊರಗೆ, ಗ್ರೋಸರಿಯ ಎದುರಿನ ಬೆಂಚಿನಲ್ಲಿ ಕೂತು ಅವರು ಕೊನೆಯ ಪುಟ ನೋಡಿದರು. ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ತಮ್ಮ ಹೆಸರನ್ನು ಮೂರು ಸಲ ಓದಿದರು.

"ಸರ್ ಸುಳ್ಳು ಹೇಳಿರ್ಲಿಲ್ಲ ನೋಡಿ," ಎಂದರು. "ಆ ಮ್ಯಾನೇಜರ್ ನಾನು ರೀಲು ಬಿಡುದು ಅಂತ ಗ್ರಹಿಸಿದ. ಕಡೆಕಡೆಗೆ ನನಗೇ ಡೌಟು, ಸರ್ ನಿಜ್ವಾಗಿ ಹೇಳಿದ್ರಾ ಇಲ್ವಾ ಅಂತ."

ಆಮೇಲೆ ತಲೆಯೆತ್ತಿ ಕೇಳಿದರು. "ಅವತ್ತು ಇರ್ಲಿಲ್ಲ ಅಲ್ವಾ ಮೇಡಮ್? ಈಗ ಹೊಸತು ಬಂದದ್ದಾ?"

ಉತ್ತರವನ್ನು ಅವರೇ ನನ್ನ ಕೈಗೆ ಕೊಟ್ಟುಬಿಟ್ಟರು. ನಾನು ತೆಗೆದುಕೊಂಡೆ. "ಹೂಂ, ಈಗ ಬಂತು," ಎಂದೆ.

ಗಂಡ ನನ್ನ ಮುಖವನ್ನೊಮ್ಮೆ ನೋಡಿದರು.

"ಒಂದು ವರ್ಷ ಆದ್ರೂ ನೀವು ಮರೀಲಿಲ್ಲ. ಇಲ್ಲಿ ಯಾರು ಯಾರಿಗೆ ಇಷ್ಟು ಮಾಡ್ತಾರೆ ಹೇಳಿ?" ಎಂದು ಗ್ರೋಸರಿಯಿಂದ ಕರಕ್ ಚಹಾ ತಂದುಕೊಟ್ಟರು. ಆ ಚಹಾವನ್ನೂ ಕುಡಿದೆ ನಾನು. ಕೆಲಸ ತಪ್ಪಿಸಿದ್ದು ಗೊತ್ತಿಲ್ಲದೆ ಮಾಡಿದ ತಪ್ಪು, ಅದನ್ನು ನೀವು ಕ್ಷಮಿಸಬಹುದೇನೋ. ಈ ಸುಳ್ಳು ಗೊತ್ತಿದ್ದೇ ಹೇಳಿದ್ದು.

ಬೀಳ್ಕೊಡುವಾಗ ಹೇಳಿದರು, ಪ್ರತಿ ವಾರ ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ನನ್ನ ಅಂಕಣವನ್ನು ಫೋನಿನಲ್ಲಿ ಗಟ್ಟಿಯಾಗಿ ಓದುತ್ತಾರಂತೆ. ಹಾಗಾದರೆ ಇದನ್ನೂ ಓದುತ್ತಾರೆ. ಎದುರಿಗೆ ಕೂತು ಹೇಳಲಾಗದ್ದನ್ನು ಇಲ್ಲಿಯಾದರೂ ಹೇಳಬೇಕಲ್ಲ?

ವಸಂತಣ್ಣ, ಆ ಪೇಪರ್ ಅವತ್ತೂ ಇತ್ತು.