ದ್ವೀಪಕ್ಕೆ ಒಳ್ಳೆಯ ತಿಂಗಳು

ಅಂಕಲ್ ಅವರ ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಡೇಟಾ ಸೆಂಟರಿನಲ್ಲಿ ಕೆಲಸಕ್ಕಿದ್ದಾಗ ಯಾವುದೋ ಕಬ್ಬಿಣದ ಬಾಗಿಲಿಗೆ ಸಿಕ್ಕಿಕೊಂಡಿತ್ತಂತೆ. ಆಮೇಲೆ ಅದು ಮಡಚುತ್ತಲೂ ಇರಲಿಲ್ಲ, ನೆಟ್ಟಗೂ ಆಗುತ್ತಿರಲಿಲ್ಲ. ಆ ಕೈಯ ಬೆರಳುಗಳ ಗೆರೆಗಳ ಮೇಲೆ ಹೆಬ್ಬೆರಳು ಓಡಿಸುತ್ತಾ ಅವರು ಹನ್ನೆರಡು ತಿಂಗಳು ಎಣಿಸುತ್ತಿದ್ದರು. ತೋರುಬೆರಳಲ್ಲಿ ಜನವರಿ ಶುರು. ಕಿರುಬೆರಳಿಗೆ ಬರುವಷ್ಟರಲ್ಲಿ ಅಕ್ಟೋಬರ್. ಅಲ್ಲಿಗೆ ಹೆಬ್ಬೆರಳು ಎಟುಕುತ್ತಿರಲಿಲ್ಲ.

"ನೋಡು, ಈ ಮೂರು ತಿಂಗಳು ನನ್ನ ಕೈಗೇ ಸಿಗಲ್ಲ" ಎಂದು ನಗುತ್ತಿದ್ದರು.

ಅಮೆರಿಕದ ಆಶ್‌ಬರ್ನ್‌ನ ಟೌನ್‌ಹೌಸೊಂದರ ಬೇಸ್‌ಮೆಂಟಿನಲ್ಲಿ ನಾನು ಬಾಡಿಗೆಗಿದ್ದೆ. ಅಂಕಲ್ ಮೇಲಿರುತ್ತಿದ್ದ ಮನೆ ಮಾಲೀಕರು, ಮೈಸೂರಿನವರು. ಕೋವಿಡ್ ಬಂದ ಮೊದಲ ವರ್ಷವೇ ಆಂಟಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಷಾರ್ಲೆಟ್‌ನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಳು. ನನಗೋ ಆಫೀಸೆಲ್ಲ ಮನೆಯಿಂದಲೇ. ವಾರವಿಡೀ ಲ್ಯಾಪ್‌ಟಾಪಿನೊಳಗಿನ ಮುಖಗಳನ್ನು ಬಿಟ್ಟರೆ ಯಾರೊಂದಿಗೂ ಮಾತಿರಲಿಲ್ಲ.

ಮೇಲೆ ಫ್ರಿಜ್ ಬಾಗಿಲ ಮೇಲೆ ಒಂದು ಚಿತ್ರವಿತ್ತು. ಕೆರಿಬಿಯನ್ ದ್ವೀಪವೊಂದರ ಬಿಳಿ ವಿಲ್ಲಾ, ನೀಲಿ ಗೇಟು, ಹಿಂದೆ ಸಮುದ್ರ. ಯಾವುದೋ ಮ್ಯಾಗಜೀನಿನಿಂದ ಆಂಟಿ ಕತ್ತರಿಸಿ ಅಂಟಿಸಿದ್ದು.

"ಹೋಟೆಲ್ ಬೇಡ ಅಂದಿದ್ಲು ನಿಮ್ಮ ಆಂಟಿ. ಹಲಾಲ್ ಸಿಗುತ್ತೋ ಇಲ್ವೋ, ಅಡುಗೆಮನೆ ಇರೋ ಮನೇನೇ ಬೇಕು ಅಂತ. ರಜೆಗೆ ಹೋದ್ರೂ ಕುಕ್ಕರ್ ಬಿಡಲ್ಲ ಅಂದ್ರೆ ಹೆಂಗೆ ಹೇಳು?"

ನಾನು ಬಾಡಿಗೆಗೆ ಬಂದ ಮೊದಲ ಭಾನುವಾರ ಅವರು ಬೇಸ್‌ಮೆಂಟಿನ ಬಾಗಿಲನ್ನು ಚಮಚದಿಂದ ಟಕಟಕ ಎಂದು ಬಡಿದರು. ಚಹಾಕ್ಕೆ ಕರೆದು ಕೇಳಿದರು: "ಈ ದ್ವೀಪಕ್ಕೆ ಹೋಗೋಕೆ ಯಾವ ತಿಂಗಳು ಒಳ್ಳೇದು, ಗೊತ್ತಾ ನಿಂಗೆ?"

ಅಯ್ಯೋ, ನನ್ನನ್ನೇ ಕೇಳಬೇಕೇ! ಹವಾಮಾನ ನನ್ನ ಹುಚ್ಚು. ಯಾರೂ ಕಲಿಸಿದ್ದಲ್ಲ, ವಿಡಿಯೋ ನೋಡಿ, ಮ್ಯಾಪ್ ನೋಡಿ ಕಲಿತದ್ದು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ, ಕ್ರಿಸ್‌ಮಸ್ ಹೊತ್ತಿಗೆ ಗಾಳಿ ಜೋರು ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಮಾರ್ಚ್ ಬೆಸ್ಟ್ ಅಂಕಲ್."

"ಮಾರ್ಚಲ್ಲಿ ರಂಜಾನ್ ಕಣಪ್ಪ. ಸಮುದ್ರದ ಎದುರು ಒಂದು ಹನಿ ನೀರೂ ಕುಡೀದೆ ಕೂತ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಕೂತ್ಕೋತೀನಿ."

ಹಾಗೆ ಶುರುವಾದದ್ದು. ಪ್ರತಿ ಭಾನುವಾರ ಚಮಚದ ಸದ್ದು, ಚಹಾ, ಅದೇ ಪ್ರಶ್ನೆ. ನಾನು ಮಾಂಸ ತಿನ್ನುವುದಿಲ್ಲವೆಂದು ನನಗೇ ಒಂದು ಬಾಣಲೆ ಬೇರೆ ಇಟ್ಟಿದ್ದರು. ನಾನು ಹೇಳಿದ್ದನ್ನೆಲ್ಲ ಕನ್ನಡಕ ಏರಿಸಿಕೊಂಡು ಹಳೇ ಲಕೋಟೆಗಳ ಹಿಂದೆ ಬರೆದುಕೊಳ್ಳುತ್ತಿದ್ದರು. ಮುಂದಿನ ವಾರ ಅದರಲ್ಲೇ ಒಂದು ತಕರಾರು ತೆಗೆಯುತ್ತಿದ್ದರು.

"ನೀನೂ ಬಾರಪ್ಪ" ಎಂದು ಒಮ್ಮೆ ಕರೆದರು.

"ನನ್ನ ವೀಸಾ ಸ್ಟಾಂಪಿಂಗ್ ಆಗಿಲ್ಲ ಅಂಕಲ್. ಹೊರಗೆ ಹೋದ್ರೆ ವಾಪಸ್ ಬರೋದು ಕಷ್ಟ."

"ಮಗಳಿಗೆ ರಜೆ ಇಲ್ಲ, ನಿಂಗೆ ಸ್ಟಾಂಪ್ ಇಲ್ಲ. ಒಳ್ಳೆ ಜೋಡಿ."

ಒಂದು ವರ್ಷ ಕಳೆಯುವಷ್ಟರಲ್ಲಿ ನನಗೆ ಛಲ ಬಂತು. ಮಳೆ, ಗಾಳಿ, ರಂಜಾನ್, ಮಗಳ ಬ್ಯಾಂಕಿನ ರಜೆ ಎಲ್ಲವನ್ನೂ ಕೂಡಿಸಿ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದೆ. ಕೊನೆಯಲ್ಲಿ ದಪ್ಪ ಅಕ್ಷರದ ಉತ್ತರ: ಈದ್ ಆದ ಮೇಲೆ, ಏಪ್ರಿಲ್ ಕೊನೆಯ ವಾರ.

"ಇದಕ್ಕಿಂತ ಒಳ್ಳೇದು ಇಲ್ಲ ಅಂಕಲ್. ಕಣ್ಣುಮುಚ್ಚಿ ಬುಕ್ ಮಾಡಿ!"

ಅವರು ಹಾಳೆಯನ್ನು ಎರಡು ಸಲ ಓದಿದರು. ತಕರಾರು ತೆಗೆಯಲಿಲ್ಲ. "ಭಾರಿ ಬುದ್ಧಿವಂತ ನೀನು" ಎಂದು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

ಮುಂದಿನ ಭಾನುವಾರ ಚಮಚದ ಸದ್ದು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಬುಕಿಂಗ್ ಗಡಿಬಿಡಿ ಇರಬೇಕು ಎಂದುಕೊಂಡೆ. ಮೂರನೆಯ ಭಾನುವಾರ ನನ್ನ ಮೈಕ್ರೋವೇವಿನ ಸದ್ದಷ್ಟೇ ಕೇಳುತ್ತಾ ಕುಳಿತಾಗ ತಡೆಯಲಾಗಲಿಲ್ಲ, ಮೇಲೆ ಹೋದೆ. ಅಂಕಲ್ ಊಟದ ಮೇಜಿನ ಮುಂದೆ ಸುಮ್ಮನೆ ಕುಳಿತಿದ್ದರು. ಸ್ಟೌ ಮೇಲೆ ನನ್ನ ಬಾಣಲೆ ಒಣಗಿತ್ತು.

"ಬುಕ್ ಆಯ್ತಾ ಅಂಕಲ್?"

"ಮಗಳಿಗೆ ಹೇಳ್ದೆ. ಆ ವಾರ ಏನೋ ಆಡಿಟ್ ಅಂತೆ. ಅಲ್ಲಿ ಮೂರು ಬೆಡ್‌ರೂಮ್ ವಿಲ್ಲಾದಲ್ಲಿ ಒಬ್ಬನೇ ಏನ್ ಮಾಡ್ಲಿ?" ಬೇರೆ ಕಡೆ ನೋಡುತ್ತಾ ಸೇರಿಸಿದರು, "ನಿನ್ ಕೆಲ್ಸ ಮುಗೀತಲ್ಲ, ಸುಮ್ನೆ ಯಾಕೆ ಕರೀಲಿ ಅಂತ..."

ನನಗೆ ಆಗ ಹೊಳೆಯಿತು. ಉತ್ತರ ಅವರಿಗೆ ಬೇಕೇ ಇರಲಿಲ್ಲ. ನಾನು ಅಷ್ಟು ಮುತುವರ್ಜಿಯಿಂದ ಮುಗಿಸಿದ್ದು ನಮ್ಮಿಬ್ಬರ ಭಾನುವಾರಗಳನ್ನು.

"ಅಂಕಲ್, ನಂದೊಂದು ತಪ್ಪಾಗಿದೆ" ಎಂದೆ. "ಏಪ್ರಿಲ್ ಕೊನೇಲಿ ಆ ಕಡೆ ದಡಕ್ಕೆ ರಾಶಿ ರಾಶಿ ಕಂದು ಪಾಚಿ ಬಂದು ಬೀಳುತ್ತಂತೆ. ಒಂಥರಾ ವಾಸನೆ. ನಾನು ಅದನ್ನ ಲೆಕ್ಕಕ್ಕೇ ತಗೊಂಡಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಅದು ನೆಪವೆಂದು ಅವರಿಗೆ ಗೊತ್ತಾಯಿತೆಂದೇ ಈಗಲೂ ನನ್ನ ನಂಬಿಕೆ.

"ಹಂಗಾದ್ರೆ ನಿನ್ ಹಾಳೆ ದಂಡ" ಎಂದರು. "ಮತ್ತೆ ಮೊದಲಿಂದ ನೋಡ್ಬೇಕು. ಕೂತ್ಕೊ, ಚಹಾ ಇಡ್ತೀನಿ."

ಆಮೇಲೆ ಒಂದೂವರೆ ವರ್ಷ ನಾವು ಯಾವ ತಿಂಗಳನ್ನೂ ಒಪ್ಪಲಿಲ್ಲ.

ಕಳೆದ ಚಳಿಗಾಲದ ಒಂದು ಮಂಗಳವಾರ ಅಂಕಲ್ ಹೃದಯ ನಿಂತಿತು. ಮನೆ ಖಾಲಿ ಮಾಡಲು ಬಂದ ಮಗಳು ಫ್ರಿಜ್ ಮುಂದೆ ಲಕೋಟೆಗಳ ಕಟ್ಟು ಹಿಡಿದು ನಿಂತಿದ್ದಳು.

"ಡ್ಯಾಡ್ ಎವ್ರಿ ಸಂಡೇ ಫೋನ್ ಮಾಡಿ, ನೀವು ಏನು ಹೇಳಿದ್ರಿ ಅಂತ ಎಲ್ಲಾ ಹೇಳ್ತಿದ್ರು. ನಾನು ಮ್ಯೂಟ್ ಮಾಡಿ ಇಮೇಲ್ ನೋಡ್ತಿದ್ದೆ." ಮೇಲಿನ ಲಕೋಟೆಯನ್ನು ತಿರುಗಿಸಿ ನೋಡುತ್ತಾ ಕೇಳಿದಳು, "ಲಾಸ್ಟ್‌ಗೆ ಯಾವ ಮಂತ್ ಪಿಕ್ ಮಾಡಿದ್ರು?"

"ಇನ್ನೂ ಡಿಸೈಡ್ ಆಗಿರ್ಲಿಲ್ಲ ಅಕ್ಕ."

ಆಕೆ ಅಂಕಲ್ ಕುರ್ಚಿ ಎಳೆದುಕೊಂಡು ಕುಳಿತಳು. "ಹೇಳಿ. ಫಸ್ಟ್‌ಇಂದ ಹೇಳಿ."

ನಾನು ಎಡಗೈ ಬಿಚ್ಚಿ ತೋರುಬೆರಳಿನಿಂದ ಶುರುಮಾಡಿದೆ. ನನ್ನ ಕಿರುಬೆರಳು ಚೆನ್ನಾಗಿಯೇ ಮಡಚುತ್ತದೆ. ಆದರೂ ಅಲ್ಲಿಗೆ ಬಂದಾಗ ಹೆಬ್ಬೆರಳು ನಿಂತುಬಿಟ್ಟಿತು.