ಹಳದಿಗೆ ತಿರುಗದ ಸಾಲು

ಸತ್ತವರು ಬಂದು ಹೋದರು ಎಂದು ಯಾರಾದರೂ ಹೇಳಿದರೆ, ಹಿಂದಿನ ರಾತ್ರಿ ನಿಮಗೆ ಸರಿಯಾಗಿ ನಿದ್ದೆ ಬಂದಿತ್ತೇ ಎಂದು ಕೇಳುತ್ತಿದ್ದವಳು ನಾನು. ನಮ್ಮ ಬೆಳ್ಳಾರೆ ಕಡೆ ಇಂಥ ಕಥೆಗಳಿಗೆ ಬರವಿಲ್ಲ. ಹೇಳುವವರು ಸುಳ್ಳು ಹೇಳುತ್ತಾರೆಂದು ಎಂದೂ ಅನಿಸಿರಲಿಲ್ಲ. ದುಃಖದಲ್ಲಿ ಮನಸ್ಸು ಏನನ್ನಾದರೂ ಕಟ್ಟಿಕೊಳ್ಳುತ್ತದೆ ಎಂದಷ್ಟೇ ನಂಬಿದ್ದೆ. ಈಗ ನನ್ನದೇ ಒಂದನ್ನು ಹೇಳಲು ಕುಳಿತಿದ್ದೇನೆ. ನೀವೂ ಅದೇ ಪ್ರಶ್ನೆ ಕೇಳಬಹುದು, ನನಗೆ ಬೇಸರವಿಲ್ಲ.

ನಾನು ಪುತ್ತೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಆಗ ನಮ್ಮ ಕೆಲಸವೆಲ್ಲ ಅಡಿಪೋನೆಕ್ಟಿನ್ ಎಂಬ ಪ್ರೋಟೀನಿನ ಮೇಲೆ ನಡೆಯುತ್ತಿತ್ತು. ನಮ್ಮ ಮೈಯ ಕೊಬ್ಬೇ ಅದನ್ನು ತಯಾರಿಸುತ್ತದೆ. ತಿಂದ ಸಕ್ಕರೆ, ಕೊಬ್ಬು ಮೈಯಲ್ಲಿ ಹೇಗೆ ಬಳಕೆಯಾಗಬೇಕು ಎಂಬುದರಲ್ಲಿ ಅದಕ್ಕೂ ಪಾಲಿದೆ. ಉರಿಯೂತವನ್ನೂ ಅದು ತಗ್ಗಿಸುತ್ತದೆ. ಪ್ರಯೋಗಕ್ಕೆ ಬೇಕಾದದ್ದನ್ನು ಮನುಷ್ಯರಿಂದ ತೆಗೆಯುವುದಿಲ್ಲ. ಅದರ ವಂಶವಾಹಿಯನ್ನು ಬೇರೆ ಜೀವಕೋಶಗಳೊಳಗೆ ಸೇರಿಸಿ, ಅವುಗಳಿಂದಲೇ ಮಾಡಿಸುತ್ತಾರೆ. ರಿಕಾಂಬಿನೆಂಟ್ ಪ್ರೋಟೀನ್ ಎನ್ನುವುದು ಅದಕ್ಕೇ. ಬೆರಳ ತುದಿಯಷ್ಟು ಸೀಸೆಯಲ್ಲಿ, ಕಂಡೂ ಕಾಣದಂಥ ಬಿಳಿ ಪುಡಿಯಾಗಿ, ಐಸ್ ಪೆಟ್ಟಿಗೆಯಲ್ಲಿ ನಮಗೆ ಬರುತ್ತಿತ್ತು.

ನನ್ನ ತಂಗಿ ಪೂರ್ಣಿಮಾಳಿಗೆ ಹೈಸ್ಕೂಲಿನ ದಿನಗಳಿಂದಲೇ ಸಂಧಿವಾತ. ಕೈಬೆರಳುಗಳು ಸೊಟ್ಟಗಾಗಿದ್ದವು, ಪೂರ್ತಿ ಮಡಚಲು ಬರುತ್ತಿರಲಿಲ್ಲ. ಗಂಟುಗಳು ಯಾವಾಗಲೂ ಬಾತಿರುತ್ತಿದ್ದವು, ಮುಟ್ಟಿದರೆ ಬಿಸಿ. ನನ್ನನ್ನು ತಡೆದು ನಿಲ್ಲಿಸಬೇಕಾದರೆ ಎರಡು ಅಂಗೈಗಳ ನಡುವೆ ನನ್ನ ಮಣಿಕಟ್ಟನ್ನು ಒತ್ತಿ ಹಿಡಿಯುತ್ತಿದ್ದಳು. ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಚಾಕ್ ಹಿಡಿಯಲಾಗದೆ ಲೆಕ್ಕವನ್ನೂ ಬಾಯಲ್ಲೇ ಕಲಿಸುತ್ತಿದ್ದಳು.

ಒಮ್ಮೆ ಪುತ್ತೂರಿಗೆ ಡಾಕ್ಟರ ಹತ್ತಿರ ಬಂದವಳು ನನ್ನ ಪ್ರಯೋಗಾಲಯ ನೋಡಲು ಬಂದಳು. ಸೀಸೆ ತೋರಿಸಿದೆ.

"ಇದಾ ಅಕ್ಕ ಊತ ಇಳಿಸುದು?"

"ನಾವು ಬೆಳೆಸಿದ ಜೀವಕೋಶದಲ್ಲಿ ಮಾತ್ರ."

"ನಂಗೆ ಒಂದು ಹನಿ ಹಾಕಿದ್ರೆ ಎಂತ ಆಗ್ತದೆ?"

"ಮನುಷ್ಯರಿಗೆ ಹಾಕುವ ಹಾಗಿಲ್ಲ. ಅದರ ಮೇಲೆಯೇ ಬರೆದುಂಟು, ನೋಡು."

ಅವಳು ಓದಿ ನಕ್ಕಳು. "ನಾನು ಮನುಷ್ಯರ ಲೆಕ್ಕಕ್ಕೆ ಬಂದದ್ದು ಇದೊಂದರಲ್ಲೇ ಅಲ್ವಾ!"

ಆ ಮಳೆಗಾಲ ಅವಳಿಗೆ ನ್ಯುಮೋನಿಯ ಆಯಿತು. ವರ್ಷಗಟ್ಟಲೆ ತೆಗೆದುಕೊಂಡ ಮದ್ದುಗಳಿಂದ ಮೈಯಲ್ಲಿ ತಡೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಮಂಗಳೂರಿನ ಆಸ್ಪತ್ರೆಯಿಂದ ಅವಳು ಮನೆಗೆ ಬರಲಿಲ್ಲ.

ಉತ್ತರಕ್ರಿಯೆ ಮುಗಿಸಿ ನಾನು ಕೆಲಸಕ್ಕೆ ಮರಳಿದ ವಾರದಲ್ಲಿ ಇದು ನಡೆದದ್ದು. ಊಟದ ನಂತರದ ಹೊತ್ತು. ಸಾಲು ಸಾಲು ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಜೀವಕೋಶಗಳನ್ನು ಬೆಳೆಸಿದ್ದೆವು. ಕೆಲವು ಸಾಲುಗಳಿಗೆ ಮೊದಲೇ ಪ್ರೋಟೀನ್ ಹಾಕಿದ್ದೆವು, ಉಳಿದವಕ್ಕೆ ಹಾಕಿರಲಿಲ್ಲ. ಎಲ್ಲಕ್ಕೂ ಉರಿಯೂತ ಕೆರಳಿಸುವ ದ್ರಾವಣವನ್ನು ಪಿಪೆಟ್ ಎಂಬ ಸಣ್ಣ ಕೊಳವೆಯಿಂದ ಹಾಕುವುದು ನನ್ನ ಕೆಲಸ. ಜೊತೆಯಲ್ಲಿ ಕೆಲಸ ಮಾಡುವ ಫೌಝಿಯಾ ಹಿಂದಿನ ಮೇಜಿನಲ್ಲಿದ್ದಳು. ಪ್ರೋಟೀನ್ ಇಲ್ಲದ ಕೊನೆಯ ಸಾಲಿಗೆ ಬಂದಾಗ, ಯಾರೋ ನನ್ನ ಮಣಿಕಟ್ಟನ್ನು ಹಿಡಿದರು. ಎರಡು ಅಂಗೈಗಳ ನಡುವೆ, ಒತ್ತಿ. ಕೋಟಿನ ತೋಳಿನ ಮೇಲಿಂದಲೇ ಆ ಬಿಸಿ ನನಗೆ ತಿಳಿಯಿತು.

ಹೆದರಿಕೆ ಆಗಲಿಲ್ಲ. ಅದನ್ನೇ ನಾನು ಇವತ್ತಿಗೂ ಯೋಚಿಸುವುದು. ಅವಳು ಸತ್ತಿದ್ದಾಳೆ ಎಂಬುದು ಆ ಕ್ಷಣಕ್ಕೆ ನೆನಪೇ ಆಗಲಿಲ್ಲ. ಯಾವಾಗಲೂ ಬರುವ ಸಣ್ಣ ಸಿಟ್ಟು ಮಾತ್ರ ಬಂತು. "ಬಿಡೇ ಪೂರ್ಣಿ, ಕೆಲಸ ಉಂಟು," ಎಂದೆ.

ಹಿಡಿತ ಸಡಿಲವಾಯಿತು.

"ಯಾರತ್ರ ಮಾತಾಡುದು?" ಎಂದಳು ಫೌಝಿಯಾ. ತಿರುಗಿ ನೋಡಿದರೆ ಅವಳಲ್ಲದೆ ಯಾರೂ ಇರಲಿಲ್ಲ. ಕೈಯಲ್ಲಿದ್ದ ಪಿಪೆಟ್ ಖಾಲಿಯಾಗಿತ್ತು. ದ್ರಾವಣ ಗುಳಿಗಳಿಗೆ ಇಳಿದಿತ್ತು. ಇಳಿದಿತ್ತು ಎಂದೇ ನನ್ನ ನೆನಪು. ತಟ್ಟೆಯನ್ನು ಮುಚ್ಚಿಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಹಿಡಿದುಕೊಂಡೇ ಇರು ಎನ್ನುವ ಬದಲು ಬಿಡು ಎಂದೆನಲ್ಲ ಎಂದು.

ಮರುದಿನ ಬಣ್ಣದ ಪರೀಕ್ಷೆ. ಉರಿಯೂತ ಹೆಚ್ಚಿದ್ದಷ್ಟೂ ಹಳದಿ ಗಾಢವಾಗುತ್ತದೆ. ಪ್ರೋಟೀನ್ ಹಾಕಿದ ಸಾಲುಗಳು ತಿಳಿ ಹಳದಿಯಾದವು, ಹಾಕದವು ಅರಿಸಿನದಂತೆ. ಆ ಕೊನೆಯ ಸಾಲು ಮಾತ್ರ ನೀರಿನಂತೆ ತಿಳಿಯಾಗಿಯೇ ಉಳಿಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಜೀವಕೋಶಗಳು ಸತ್ತಿರಲಿಲ್ಲ, ಚೆನ್ನಾಗಿಯೇ ಇದ್ದವು.

"ನೀನು ಹಾಕ್ಲಿಕ್ಕೆ ಮರ್ತದ್ದು ಮಾರಾಯ್ತಿ," ಎಂದಳು ಫೌಝಿಯಾ, ಮೆಲ್ಲಗೆ. "ನಿನ್ನ ತಲೆ ಎಲ್ಲಿತ್ತು ಅಂತ ನಂಗೆ ಗೊತ್ತಿಲ್ವಾ?" ಇರಬಹುದು. ಆಮೇಲೆ ಮತ್ತೆ ಮತ್ತೆ ಮಾಡಿದೆವು. ಆ ಸಾಲು ಪ್ರತಿ ಸಲವೂ ಹಳದಿಯಾಯಿತು.

ಆ ಭಾನುವಾರ ಬೆಳ್ಳಾರೆಗೆ ಹೋದೆ. ಅಮ್ಮ ಬಸಳೆ ಸೋಸುತ್ತಿದ್ದಳು. ಹೇಳಬಾರದೆಂದುಕೊಂಡಿದ್ದೆ, ಹೇಳಿಬಿಟ್ಟೆ. ಅಮ್ಮ ಅಳಲಿಲ್ಲ. ಒಂದೇ ಮಾತು ಕೇಳಿದಳು.

"ಕೈ ಬಿಸಿ ಇತ್ತಾ ಮಗಳೇ?"

ಯಾಕೆ ಕೇಳಿದಳೆಂದು ನನಗೆ ತಕ್ಷಣ ತಿಳಿಯಿತು. ಎಷ್ಟೋ ವರ್ಷ ಆ ಗಂಟುಗಳಿಗೆ ಎಣ್ಣೆ ತಿಕ್ಕಿದವಳು ಅವಳು. ಕೈ ಬಿಸಿ ಇದ್ದರೆ ನೋವು ಉಂಟು ಎಂದೇ ಅವಳ ಲೆಕ್ಕ.

"ತಣ್ಣಗಿತ್ತು ಅಮ್ಮ," ಎಂದೆ. "ಮೊದಲಿನ ಹಾಗೆ ಬಿಸಿ ಇರ್ಲಿಲ್ಲ."

"ಹಾಗಾದ್ರೆ ಸಾಕು," ಎಂದು ಅಮ್ಮ ಒಳಗೆ ಹೋಗಿ ಮಲಗಿದಳು. ಸಂಜೆಯವರೆಗೂ ಏಳಲಿಲ್ಲ. ಉಳಿದ ಬಸಳೆಯನ್ನು ನಾನೇ ಸೋಸಿದೆ.

ಆ ಸಾಲನ್ನು ನಂಬಿದರೆ ಪೂರ್ಣಿಯ ಊತ ಇಳಿದಿದೆ. ಮಣಿಕಟ್ಟಿಗೆ ತಾಗಿದ ಬಿಸಿಯನ್ನು ನಂಬಿದರೆ ಇಳಿದಿಲ್ಲ. ಎರಡನ್ನೂ ನಂಬದೆ ಇರುವುದು ನನ್ನಂಥವಳಿಗೆ ಸುಲಭವಾಗಬೇಕಿತ್ತು. ಆಗುತ್ತಿಲ್ಲ. ಅಮ್ಮನಿಗೆ ನಿಜ ಹೇಳುವುದಕ್ಕೂ ಇನ್ನೂ ಆಗಿಲ್ಲ.