ದೀಪ ಆರಲೇಬೇಕು

ಟಿವಿ ಇನ್ನೂ ನಮ್ಮ ಕಡೆ ಕಾಲಿಡದ ಕಾಲ. ಪತ್ತೇದಾರಿ ಕಾದಂಬರಿ ಮಾಲೆಯೊಂದನ್ನು ಊರೂರಿಗೆ ಒಯ್ದು ಮಾರುವ ನೌಕರಿ ನನ್ನದು. ಅದರ ಹೊಸ ಪುಸ್ತಕದ ಪ್ರತಿಗಳ ಗಂಟು ಹೊತ್ತು ರಾಯಚೂರಿನಿಂದ ಮಾನ್ವಿಗೆ ಬಂದಿಳಿದಾಗ ನನಗೆ ಒಳಗೊಳಗೇ ಪುಕುಪುಕು. ನನಗಿಂತ ಮುಂಚಿನ ಬಸ್ಸಿಗೇ ಪೇಪರು ಬಂದಿತ್ತು. ಅದರಲ್ಲಿ ವಿಮರ್ಶಕರೊಬ್ಬರು ನಮ್ಮ ಪುಸ್ತಕವನ್ನು ಹಿಗ್ಗಾಮುಗ್ಗಾ ಝಾಡಿಸಿದ್ದರು.

ಟೇಲರ್ ಮೌನೇಶನ ಅಂಗಡಿಯಲ್ಲಿ ಸಂಜೆಯಾದರೆ ಅವನು ಓದುವುದು, ಉಳಿದವರು ಕೇಳುವುದು ರೂಢಿ. ಅವತ್ತು ನಾನು ಹೋದಾಗ ವಿಮರ್ಶೆಯನ್ನೇ ಕಾದಂಬರಿಯ ಹಾಗೆ ಎಳೆದೆಳೆದು ಓದುತ್ತಿದ್ದ: "ಅದೇ ಪತ್ತೇದಾರ, ಅದೇ ಬಂಗಲೆ. ಕೊನೆಗೆ ಮತ್ತೆ ದೀಪ ಆರುತ್ತದೆ, ಕೊಲೆಗಾರ ಸಿಕ್ಕಿಬೀಳುತ್ತಾನೆ. ಹೊಸತೇನಿದೆ?"

ಕಂಬಳಿ ಹಾಸಿ ಕುಳಿತಿದ್ದ ಕುರಿ ಕಾಯುವ ಬೀರಪ್ಪಜ್ಜ ಎದ್ದೇ ನಿಂತ. "ಲೇ ಮೌನೇಶಾ, ದೀಪ ಆರಲಿಲ್ಲಂದ್ರ ಕೊಲೆಗಾರ ಹೆಂಗ ಸಿಗತಾನ? ಆ ಪೇಪರಿನಾಂವ ಮನ್ಯಾಗ ದಿನಾ ರೊಟ್ಟಿ ತಿಂತಾನಲ್ಲ, ಹೊಸದೇನದ ಅಂತ ಹೆಂಡತೀನ್ನ ಕೇಳ್ಯಾನೇನು?"

"ಹಂಗಾರ ಪುಸ್ತಕ ತಗೋತೀರೇನ್ರಿ ಯಪ್ಪಾ?" ಅಂದೆ.

"ದೀಪ ಆರತದ ಅಂತ ಆ ಪೇಪರಿನಾಂವನೇ ಬರದಾನಲ್ರಿ! ಹೋದ ಸಲದ ಪುಸ್ತಕಾನ ಭಾಳ ಹೊಗಳಿದ್ದ. ಮೌನೇಶ ಓದಿದ್ದು ಕೇಳಿದ್ರ ಪತ್ತೇದಾರಗ ಮನಸ್ಸಿನ ಬ್ಯಾನಿ, ದೀಪ ಕೊನೀತನಕ ಉರೀತು. ನನಗ ನಿದ್ದಿ ಬಂತ್ರಿ."

ಆದರೂ ಅಜ್ಜ ಸುಮ್ಮನೆ ನಂಬಲಿಲ್ಲ. ಮೌನೇಶನಿಂದ ಮೊದಲು ಕೊನೆಯ ಪುಟ ಓದಿಸಿ, ದೀಪ ಆರಿದ್ದು ಖಾತ್ರಿಯಾದ ಮೇಲೇ ಪುಸ್ತಕ ಕೊಂಡ. ಅವನ ಹಿಂದೆ ಉಳಿದವರೂ ಮುಗಿಬಿದ್ದರು. ಮುಂದಿನ ಊರು ದೇವದುರ್ಗಕ್ಕೆ ಒಯ್ಯಲು ಒಂದೂ ಉಳಿಯಲಿಲ್ಲ.

ಮರುತಿಂಗಳ ಪುಸ್ತಕವನ್ನು ಅದೇ ವಿಮರ್ಶಕರು ಬಾಯ್ತುಂಬ ಹೊಗಳಿದರು. ನಾನು ರಜೆ ಹಾಕಿದೆ.